ಬೆಂಡ್ ಪೈಪಿನ ನಟ್ಟು ಜಾಮ್ ಆಗಿ ಸ್ಲಿಪ್ ಆಗುತ್ತಿದ್ದರೆ: ಸ್ಟಡ್ ಮುರಿಯದೆ ಬಿಚ್ಚುವುದು ಹೇಗೆ

ಕುಮಟಾ ಹತ್ತಿರದ ನಮ್ಮ ಮನೆಯಲ್ಲಿ ಒಂದು ಹಳೆಯ 100 ಸಿಸಿ ಬೈಕಿದೆ. ಮೊದಲು ಅಪ್ಪ ಓಡಿಸುತ್ತಿದ್ದರು, ಈಗ ಭಾವ ಪೇಟೆಗೆ ಹೋಗಿ ಬರಲು ಬಳಸುತ್ತಾರೆ. ಮನೆಯಿಂದ ಕಡಲು ಎರಡು ಕಿಲೋಮೀಟರ್ ಕೂಡ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಎಂಜಿನ್ನಿನಿಂದ ಟಿಕ್ ಟಿಕ್ ಅಂತ ಸದ್ದು ಶುರುವಾಯಿತು. "ಟ್ಯಾಪೆಟ್ ಇರಬೇಕು ಮಾರಾಯ, ಅಡ್ಜಸ್ಟ್ ಮಾಡಿದ್ರೆ ಹೋಗ್ತದೆ" ಎಂದರು ಭಾವ. ಟ್ಯಾಪೆಟ್, ಅಂದರೆ ವಾಲ್ವ್ ಒತ್ತುವ ಭಾಗವನ್ನು, ಅಡ್ಜಸ್ಟ್ ಮಾಡಿದೆ. ಸದ್ದು ಹೋಗಲಿಲ್ಲ.

ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಎಂಜಿನ್ನಿನ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಬೆಂಡ್ ಪೈಪು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೆ ಸೇರುವ ಜಾಗದಲ್ಲಿ, ಬಲಗಡೆಯ ನಟ್ಟಿನ ಕೆಳಗೆ, ಬೀಸಣಿಗೆ ಬಿಚ್ಚಿದ ಹಾಗೆ ಕಪ್ಪು ಮಸಿ ಹರಡಿತ್ತು. ಸಂದಿ ಮುಚ್ಚುವ ರಿಂಗು, ಅಂದರೆ ಪ್ಯಾಕಿಂಗ್, ಹೋಗಿ ಹೊಗೆ ಸೋರುತ್ತಿತ್ತು. ಪ್ಯಾಕಿಂಗ್ ಬದಲಿಸಲು ಎರಡೇ ನಟ್ಟು ಬಿಚ್ಚಬೇಕು. ಎಡಗಡೆಯದು ಸ್ವಲ್ಪ ಕಿರುಗುಟ್ಟಿ ಬಂತು. ಬಲಗಡೆಯದರ ಆರು ಮೂಲೆಗಳೂ ಆಗಲೇ ಸವೆದು ಗುಂಡಗಾಗಿದ್ದವು. ಹಿಂದೆ ಎಲ್ಲೋ ಸರ್ವಿಸ್ ಮಾಡಿಸಿದಾಗ ಯಾರೋ ಸಡಿಲ ಸ್ಪ್ಯಾನರ್ ಹಾಕಿ ಎಳೆದಿದ್ದರು.

ಆ ಒಂದು ನಟ್ಟಿಗೆ ನಾಲ್ಕು ದಿನ ಹಿಡಿಯಿತು. ಸ್ಟಡ್, ಅಂದರೆ ಹೆಡ್ಡಿಗೆ ತಿರುಗಿಸಿ ಕೂರಿಸಿದ, ನಟ್ಟು ಹಿಡಿಯುವ ಥ್ರೆಡ್ ಕಡ್ಡಿ, ಮುರಿಯದೆ ಬಂತು. ಮುರಿದ ಸ್ಟಡ್ಡುಗಳನ್ನು ತೆಗೆಯುವುದನ್ನೂ ಬೇರೆಯವರ ಬೈಕುಗಳಲ್ಲಿ ಪಕ್ಕದಲ್ಲೇ ನಿಂತು ನೋಡಿದ್ದೇನೆ, ಕೈ ಜೋಡಿಸಿದ್ದೇನೆ. ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿರುವುದು ಒಂದೇ: ಹೆಡ್ಡಿನಿಂದ ಹೊರಗೆ ಚಾಚಿಕೊಂಡಿರುವ ಸ್ಟಡ್ಡಿನ ತುಂಡನ್ನು ಹೇಗಾದರೂ ಉಳಿಸಿಕೊಳ್ಳಬೇಕು. ಅದು ಇರುವಷ್ಟು ಹೊತ್ತು ನಿಮಗೊಂದು ಹಿಡಿ ಇದೆ. ಮುರಿದು ಹೆಡ್ಡಿನ ಸಮಕ್ಕೆ ಹೋಯಿತು ಅಂದರೆ ನೂರು ರೂಪಾಯಿಯ ಕೆಲಸ ಸಾವಿರಾರು ರೂಪಾಯಿಗೆ ಏರುತ್ತದೆ. ಕೆಳಗಿನ ಎಲ್ಲ ಹಂತಗಳೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದವು.

ಇಲ್ಲಿ ಕೊಡುವ ಅಳತೆಗಳು ಎಂ6 ಸ್ಟಡ್ಡಿಗೆ, ಅಂದರೆ 6 ಮಿ.ಮೀ. ದಪ್ಪ, 1 ಮಿ.ಮೀ. ಪಿಚ್ (ಒಂದು ಸುತ್ತಿನಿಂದ ಮುಂದಿನದಕ್ಕೆ ಇರುವ ದೂರ) ಇರುವ ಥ್ರೆಡ್ಡಿಗೆ. ಇದರ ನಟ್ಟಿಗೆ 10 ನಂಬರ್ ಸ್ಪ್ಯಾನರ್ ಹಿಡಿಯುತ್ತದೆ. ನಮ್ಮ 100 ಸಿಸಿ ಬೈಕಿನಲ್ಲಿ ಇರುವುದು ಇದೇ. ನಿಮ್ಮದು ಎಂ8 ಆಗಿದ್ದರೆ ಕ್ರಮ ಅದೇ, ಅಳತೆ ಮಾತ್ರ ಬೇರೆ.

ಸೋರಿಕೆ ಇದೆಯೋ ಇಲ್ಲವೋ, ಮೊದಲು ಖಚಿತ ಮಾಡಿಕೊಳ್ಳಿ

ಜಾಮ್ ಆದ ನಟ್ಟನ್ನು ಸುಮ್ನೆ ಮುಟ್ಟಬಾರದು. ಬಿಚ್ಚಲೇಬೇಕಾದ ಕಾರಣ ಇದ್ದರೆ ಮಾತ್ರ ಕೈ ಹಾಕಿ.

ಹೊಗೆ ಸೋರುವ ಸದ್ದಿಗೂ ಟ್ಯಾಪೆಟ್ ಸದ್ದಿಗೂ ವ್ಯತ್ಯಾಸ ಇದೆ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಸೋರಿಕೆಯ ಸದ್ದು ಜಾಸ್ತಿ. ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಎಷ್ಟೋ ಸಲ ಕಡಿಮೆಯಾಗುತ್ತದೆ. ಏರು ಹತ್ತುವಾಗ, ಎಂಜಿನ್ನಿಗೆ ಭಾರ ಬಿದ್ದಾಗ ಮತ್ತೆ ಜೋರಾಗುತ್ತದೆ. ಇಳಿಜಾರಿನಲ್ಲಿ ಎಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿದರೆ ಅದೂ ಒಂದು ಸೂಚನೆ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಸೈಲೆನ್ಸರಿನ ಹಿಂದಿನ ಬಾಯಿಗೆ ದಪ್ಪ ಒದ್ದೆ ಬಟ್ಟೆಯನ್ನು ಒಂದೆರಡು ಸೆಕೆಂಡ್ ಒತ್ತಿ ಹಿಡಿಯಿರಿ. ಮುಂದಿನ ಸದ್ದು ಚುಸ್ ಚುಸ್ ಅಂತ ಜೋರಾದರೆ ಸೋರಿಕೆ ಅಲ್ಲೇ ಇದೆ. ಸೇರುವ ಜಾಗಕ್ಕೆ ಸೋಪಿನ ನೀರು ಹಚ್ಚಿ ನೋಡಿದರೆ ಗುಳ್ಳೆಯೂ ಕಾಣುತ್ತದೆ. ಮಸಿ ಇದ್ದರಂತೂ ಬೇರೆ ಸಾಕ್ಷಿ ಬೇಡ.

ಜಾಮ್ ಆಗಿರುವುದು ಯಾವುದು?

ಹೆಚ್ಚಿನವರು ದಾಟಿ ಹೋಗುವ ಪ್ರಶ್ನೆ ಇದು. ಇಲ್ಲಿ ಎರಡು ಜೋಡಿಗಳಿವೆ. ಒಂದು, ನಟ್ಟು ಮತ್ತು ಸ್ಟಡ್. ಎರಡೂ ಉಕ್ಕು, ನಡುವೆ ಕೆಂಪು ತುಕ್ಕು. ಇನ್ನೊಂದು, ಸ್ಟಡ್ ಮತ್ತು ಹೆಡ್. ಸ್ಟಡ್ ಉಕ್ಕು, ಹೆಡ್ ಅಲ್ಯೂಮಿನಿಯಂ, ನಡುವೆ ಬಿಳಿ ಪುಡಿಯಂಥ ಕಿಲುಬು. ಎರಡಕ್ಕೂ ಮದ್ದು ಬೇರೆ ಬೇರೆ.

ಬೇರೆ ಬೇರೆ ಜಾತಿಯ ಎರಡು ಲೋಹಗಳ ನಡುವೆ ಉಪ್ಪು ನೀರು ನಿಂತರೆ ಅದು ಸಣ್ಣ ಬ್ಯಾಟರಿಯ ಹಾಗೆ ಕೆಲಸ ಮಾಡುತ್ತದೆ. ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಕರಗಿ ಆಗುವ ಬಿಳಿ ಕಿಲುಬು ಮೂಲ ಲೋಹಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಬೇರೆ ಜಾಗ ಇಲ್ಲ, ಹಾಗಾಗಿ ಸ್ಟಡ್ಡನ್ನು ಸುತ್ತಲಿಂದ ಅದುಮಿ ಹಿಡಿಯುತ್ತದೆ. ಕರಾವಳಿಯ ಬೈಕುಗಳಲ್ಲಿ ಈ ತೊಂದರೆ ಹೆಚ್ಚು ಕಾಣಲು ಕಾರಣ ಗಾಳಿಯಲ್ಲಿರುವ ಉಪ್ಪು. ಬಯಲುಸೀಮೆಯಲ್ಲಿ ಹತ್ತು ವರ್ಷ ಓಡಿದ ಬೈಕಿನ ನಟ್ಟು ಸಲೀಸಾಗಿ ಬರುತ್ತದೆ, ನಮ್ಮಲ್ಲಿ ಮೂರು ಮಳೆಗಾಲ ಕಳೆದರೆ ಸಾಕು.

ಯಾವುದು ಹಿಡಿದಿದೆ ಎಂದು ತಿಳಿಯಲು ಒಂದು ಸುಲಭದ ಉಪಾಯ ಇದೆ. ತಂತಿ ಬ್ರಷ್ಷಿನಿಂದ ಸ್ಟಡ್ಡಿನ ತುದಿಯನ್ನೂ ನಟ್ಟಿನ ಮುಖವನ್ನೂ ಹೊಳೆಯುವ ಹಾಗೆ ಉಜ್ಜಿ. ಆಮೇಲೆ ವೈಟ್ನರ್ ಅಥವಾ ಉಗುರು ಬಣ್ಣದಿಂದ ಸ್ಟಡ್, ನಟ್ಟು, ಅದರ ಹಿಂದಿನ ಫ್ಲೇಂಜ್ (ಪೈಪಿನ ತುದಿಯ ತೂತುಳ್ಳ ಪಟ್ಟಿ) ಮೂರರ ಮೇಲೂ ಹಾಯುವಂತೆ ಒಂದೇ ನೇರ ಗೆರೆ ಎಳೆಯಿರಿ. ಒಣಗಿದ ಮೇಲೆ ಸ್ಪ್ಯಾನರ್ ಹಾಕಿ ಒಂದಿಷ್ಟೇ ಬಲ ಕೊಟ್ಟು ಗೆರೆ ನೋಡಿ.

ನಟ್ಟಿನ ಮೇಲಿನ ಗೆರೆ ಸ್ಟಡ್ಡಿನ ಗೆರೆಯಿಂದ ಸರಿದಿದ್ದರೆ ನಟ್ಟು ಬಿಡುತ್ತಿದೆ, ಖುಷಿಯ ವಿಷಯ. ನಟ್ಟು ಮತ್ತು ಸ್ಟಡ್ ಎರಡರ ಗೆರೆಯೂ ಒಟ್ಟಿಗೇ ಸರಿದಿದ್ದರೆ ಎರಡು ಸಾಧ್ಯತೆ. ಸ್ಪ್ಯಾನರ್ ಬಿಟ್ಟ ಮೇಲೂ ಗೆರೆ ಸರಿದಲ್ಲೇ ನಿಂತರೆ ಸ್ಟಡ್ ಇಡಿಯಾಗಿ ಹೆಡ್ಡಿನಿಂದ ಹೊರಗೆ ಬರುತ್ತಿದೆ. ಅದೂ ಒಳ್ಳೆಯದೇ, ಹಾಗೆಯೇ ನಿಧಾನವಾಗಿ ಬಿಚ್ಚಿ. ಆದರೆ ಬಿಟ್ಟ ಕೂಡಲೇ ಗೆರೆ ಮೊದಲಿನ ಜಾಗಕ್ಕೆ ವಾಪಸ್ ಬಂದರೆ ಅಲ್ಲಿಗೇ ನಿಲ್ಲಿಸಿ. ಸ್ಟಡ್ ತಿರುಗುತ್ತಿಲ್ಲ, ಒಣ ಕಬ್ಬಿನ ಹಾಗೆ ಹಿಂಡಿಕೊಳ್ಳುತ್ತಿದೆ. ಕೈಗೆ ಅದು ರಬ್ಬರಿನ ಹಾಗೆ ಮೆತ್ತಗೆ ಅನಿಸುತ್ತದೆ. ಇನ್ನೂ ಬಲ ಹಾಕಿದರೆ ಟಕ್ ಅಂತ ಮುರಿಯುತ್ತದೆ.

ನಮ್ಮ ಬೈಕಿನಲ್ಲಿ ಆದದ್ದು ಇದೇ. ಗೆರೆ ಸರಿಯಿತು, ಕೈ ಬಿಟ್ಟೆ, ಗೆರೆ ವಾಪಸ್ ಬಂತು. ನಟ್ಟು ಸ್ಟಡ್ಡಿಗೂ ಅಂಟಿದೆ, ಸ್ಟಡ್ ಹೆಡ್ಡಿಗೂ ಅಂಟಿದೆ ಎಂದು ಆಗ ಗೊತ್ತಾಯಿತು.

ಇಲ್ಲೇ ಬಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎಂ6 ನಟ್ಟನ್ನು ಬಿಗಿ ಮಾಡುವುದು ಸುಮಾರು 10 ನ್ಯೂಟನ್ ಮೀಟರ್‌ಗೆ. 12 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ ಎಂಟೂವರೆ ಕಿಲೋ ಭಾರ ತೂಗಿದರೆ ಅಷ್ಟು ಬಲ ಬೀಳುತ್ತದೆ. ಅದೇ ಸ್ಪ್ಯಾನರಿಗೆ ಅರ್ಧ ಮೀಟರ್ ಪೈಪ್ ಸಿಕ್ಕಿಸಿದರೆ ಎರಡು ಕಿಲೋ ಸಾಕು. ಪೈಪ್ ಹಿಡಿದವರು ಯಾರೂ ಎರಡು ಕಿಲೋಗೆ ನಿಲ್ಲಿಸುವುದಿಲ್ಲ, ಹತ್ತು ಕಿಲೋ ಹಾಕುತ್ತಾರೆ. ಅಷ್ಟಕ್ಕೆ 6 ಮಿ.ಮೀ. ಸ್ಟಡ್ ಖಂಡಿತ ತಡೆಯುವುದಿಲ್ಲ. ಈ ಕೆಲಸಕ್ಕೆ ಪೈಪ್ ಬೇಡವೇ ಬೇಡ.

ಎಣ್ಣೆ, ತಟ್ಟು, ಕಾಯುವಿಕೆ

ಸಂದಿಗೆ ಇಳಿಯುವ ಎಣ್ಣೆ ಬೇಕು. ನೀಲಿ ಡಬ್ಬಿಯ ಡಬ್ಲ್ಯುಡಿ-40 ಎಲ್ಲರ ಮನೆಯಲ್ಲೂ ಇರುತ್ತದೆ. 1953ರಲ್ಲಿ ಅದನ್ನು ತಯಾರಿಸಿದ್ದು ನೀರನ್ನು ದೂರ ತಳ್ಳುವುದಕ್ಕೆ, ಹೆಸರಿನ ಅರ್ಥವೂ ಅದೇ. ತಕ್ಕಮಟ್ಟಿಗೆ ಇಳಿಯುತ್ತದೆ, ಆದರೆ ಇದೇ ಕೆಲಸಕ್ಕೆಂದು ಪೆನಿಟ್ರೇಟಿಂಗ್ ಆಯಿಲ್ ಬೇರೆ ಸಿಗುತ್ತದೆ, ಅದು ಇನ್ನೂ ಚೆನ್ನಾಗಿ ಇಳಿಯುತ್ತದೆ. ಊರಿನ ಗ್ಯಾರೇಜುಗಳಲ್ಲಿ ಸೀಮೆಎಣ್ಣೆಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಬಿಡುತ್ತಾರೆ, ಅದನ್ನೂ ನಾನು ತಳ್ಳಿಹಾಕುವುದಿಲ್ಲ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್ ಎಣ್ಣೆಯನ್ನು ಸಮ ಸಮ ಬೆರೆಸುವ ಪದ್ಧತಿಯೂ ಇದೆ. ಅವೆರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಅಲುಗಾಡಿಸಿ ಹಾಕಬೇಕು. ಅಸಿಟೋನ್ ಬೆಂಕಿಗೆ ಬಹಳ ಹತ್ತಿರ, ಒಲೆ ದೀಪದ ಹತ್ತಿರ ಸುಳಿಯಬಾರದು.

ಯಾವ ಎಣ್ಣೆ ಎನ್ನುವುದಕ್ಕಿಂತ ಎಷ್ಟು ಹೊತ್ತು ಬಿಟ್ಟಿರಿ ಎನ್ನುವುದು ಮುಖ್ಯ. ನಾನು ರಾತ್ರಿ ಮಲಗುವ ಮುಂಚೆ ಮತ್ತು ಬೆಳಗ್ಗೆ, ದಿನಕ್ಕೆರಡು ಸಲ, ಮೂರು ದಿನ ಹಾಕಿದೆ. ನಟ್ಟಿನ ಮುಂದಿನ ಬಾಯಿಗೆ ಮಾತ್ರ ಹಾಕಿದರೆ ಸಾಲದು. ಫ್ಲೇಂಜಿನ ಹಿಂದೆ, ಸ್ಟಡ್ ಹೆಡ್ಡಿನೊಳಗೆ ಹೋಗುವ ಜಾಗಕ್ಕೂ ತೆಳುವಾದ ನಳಿಗೆಯಿಂದ ಬಿಡಿ. ಎಣ್ಣೆ ಹಾಕಿದ ಮೇಲೆ ಸ್ಟಡ್ಡಿನ ತುದಿಗೆ ಸಣ್ಣ ಸುತ್ತಿಗೆಯಿಂದ ಹತ್ತಿಪ್ಪತ್ತು ಸಲ ತಟ್ಟಬೇಕು. ಬಾಗಿಲು ತಟ್ಟುವಷ್ಟೇ ಬಲ. ಆ ನಡುಕಕ್ಕೆ ತುಕ್ಕು ಸೀಳು ಬಿಡುತ್ತದೆ, ಎಣ್ಣೆ ಒಳಗೆ ಹೋಗುತ್ತದೆ. ತುದಿಯ ಥ್ರೆಡ್ ಹಾಳಾಗದಿರಲು ಮಧ್ಯೆ ಹಿತ್ತಾಳೆಯ ತುಂಡು ಇಟ್ಟುಕೊಳ್ಳಿ.

ಮೂರನೇ ದಿನ ಬೆಳಗ್ಗೆ ನೋಡಿದಾಗ ನಟ್ಟಿನ ಅಂಚಿನಲ್ಲಿ ಎಣ್ಣೆ ಕೆಂಪಗೆ, ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಎಣ್ಣೆ ತುಕ್ಕಿನೊಳಗೆ ಹೋಗಿ ಹೊರಗೆ ಬರುತ್ತಿದೆ ಎನ್ನುವುದಕ್ಕೆ ಇದು ಗುರುತು. ಆಗಲೇ ಮುಂದಿನ ಹಂತಕ್ಕೆ ಹೋದೆ.

ಬಿಸಿ ಮಾಡುವುದು

ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಕಾಕ್ ಮುಚ್ಚಿದರೆ ಸಾಕು ಎಂದುಕೊಳ್ಳಬೇಡಿ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲನ್ನೂ ಬಸಿಯಿರಿ. ಬಯಲಿನಲ್ಲಿ ಕೆಲಸ ಮಾಡಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ಎಣ್ಣೆಯನ್ನು ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಡಿ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ಜಾಗಕ್ಕೆ ಬೆಂಕಿ ತೋರಿಸಲೇಬೇಡಿ. ಅವುಗಳಲ್ಲಿ ಕೆಲವು ಕ್ಲೋರಿನ್ ಇರುವ ದ್ರಾವಣಗಳು, ಬಿಸಿಯಾದರೆ ಫಾಸ್ಜೀನ್ ಎಂಬ ವಿಷದ ಅನಿಲ ಬರುತ್ತದೆ. ಪ್ರಾಣಕ್ಕೇ ಅಪಾಯ.

ಇನ್ನು ಬಿಸಿ ಎಲ್ಲಿಗೆ? ಹಿಡಿದಿರುವುದು ನಟ್ಟು ಮಾತ್ರವಾದರೆ ನಟ್ಟಿಗಷ್ಟೇ. ಸಣ್ಣ ಗ್ಯಾಸ್ ಟಾರ್ಚಿನ ಮೊನೆ ನಟ್ಟಿನ ಹೊರಮೈಗೆ ತಾಗಲಿ. ಅದು ಹಿಗ್ಗುವಾಗ ಒಳಗಿನ ಸ್ಟಡ್ ಇನ್ನೂ ಅಷ್ಟು ಕಾದಿರುವುದಿಲ್ಲ, ಆ ಹೊತ್ತಿನಲ್ಲೇ ತಿರುಗಿಸಬೇಕು.

ಹಿಡಿದಿರುವುದು ಸ್ಟಡ್ ಆದರೆ ಬಿಸಿ ಹೋಗಬೇಕಾದದ್ದು ಸುತ್ತಲಿನ ಅಲ್ಯೂಮಿನಿಯಂಗೆ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 6 ಮಿ.ಮೀ. ತೂತಿಗೆ 100 ಡಿಗ್ರಿ ಏರಿದರೆ ಸಿಗುವ ಸಡಿಲ ಸುಮಾರು 6 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಭಾಗದಲ್ಲಿ ಆರು ಭಾಗ. ಕೇಳಲು ಏನೂ ಇಲ್ಲ ಅನಿಸುತ್ತದೆ, ಆದರೆ ಕಿಲುಬಿನ ಹಿಡಿತ ಬಿಡಿಸಲು ಅಷ್ಟು ನೆರವು ಸಿಕ್ಕರೂ ದೊಡ್ಡದು.

ಅಲ್ಯೂಮಿನಿಯಂ ಬಗ್ಗೆ ಒಂದು ಎಚ್ಚರಿಕೆ. ಅದು ಕಬ್ಬಿಣದ ಹಾಗೆ ಕೆಂಪಗೆ ಕಾದು ಮುನ್ಸೂಚನೆ ಕೊಡುವುದಿಲ್ಲ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಎಂಜಿನ್ನಿನ ಎರಕದ ಲೋಹ ಅದಕ್ಕಿಂತ ಮೊದಲೇ. ಬಣ್ಣ ನೋಡಿ ಕಾದು ಕೂತರೆ ಹೆಡ್ಡೇ ಹೋಗುತ್ತದೆ. ನಮಗೆ ಬೇಕಾದದ್ದು 150ರಿಂದ 200 ಡಿಗ್ರಿ ಅಷ್ಟೆ. ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡುತ್ತೇವಲ್ಲ, ಇಲ್ಲೂ ಅದೇ ಪರೀಕ್ಷೆ. ಜ್ವಾಲೆ ಪಕ್ಕಕ್ಕೆ ಸರಿಸಿ ಹೆಡ್ಡಿನ ಮೇಲೆ ಒಂದು ಹನಿ ಬಿಡಿ. ಚುಂಯ್ ಎಂದು ಆರಿದರೆ 100 ದಾಟಿದೆ. ಹನಿ ಮಣಿಯಾಗಿ ಉರುಳಾಡಿದರೆ 200ರ ಆಸುಪಾಸು ಬಂದಿದೆ, ಟಾರ್ಚ್ ಆರಿಸಿ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಸುತ್ತಲೂ ಆಡಿಸುತ್ತಿರಿ.

ಬಿಸಿ ಇರುವಾಗಲೇ ಒಂದು ಮೇಣದಬತ್ತಿಯ ತುಂಡನ್ನು ಸ್ಟಡ್ಡಿನ ಬುಡಕ್ಕೆ ತಾಗಿಸಿ. ಮೇಣ ಕರಗಿ ಬತ್ತಿ ಎಣ್ಣೆ ಹೀರುವ ಹಾಗೆ ಥ್ರೆಡ್ಡಿನೊಳಗೆ ಇಳಿಯುತ್ತದೆ. ಸ್ಪ್ರೇ ಎಣ್ಣೆಯನ್ನು ಬಿಸಿಗೆ ಹೊಡೆದರೆ ಹತ್ತಿಕೊಳ್ಳಬಹುದು, ಮೇಣದಲ್ಲಿ ಆ ಭಯ ಕಡಿಮೆ. ಕಾಯಿಸು, ಮೇಣ ಕೊಡು, ಪೂರ್ತಿ ತಣಿಯಲು ಬಿಡು. ಹೀಗೆ ಮೂರು ನಾಲ್ಕು ಸುತ್ತು ಮಾಡಿ.

ಟಾರ್ಚ್ ಇಲ್ಲದವರು ಎಂಜಿನ್ನನ್ನೇ ಹತ್ತು ನಿಮಿಷ ಓಡಿಸಿ, ಆರಿಸಿ, ದಪ್ಪ ಕೈಗವಸು ಹಾಕಿಕೊಂಡು ಪ್ರಯತ್ನಿಸಬಹುದು. ಇಡೀ ಹೆಡ್ ಸಮವಾಗಿ ಕಾಯುತ್ತದೆ, ಎಷ್ಟೋ ಸಲ ಇಷ್ಟಕ್ಕೇ ಬಿಡುತ್ತದೆ.

ಗುಂಡಗಾದ ನಟ್ಟಿಗೆ ಹಿಡಿತ

ನಟ್ಟು ಗುಂಡಗಾಗಲು ಎರಡು ಕಾರಣ. ತೆರೆದ ಬಾಯಿಯ ಸ್ಪ್ಯಾನರ್ ಎರಡೇ ಮೂಲೆಯಲ್ಲಿ ಹಿಡಿಯುತ್ತದೆ. ರಿಂಗ್ ಸ್ಪ್ಯಾನರುಗಳಲ್ಲಿ ಹೆಚ್ಚಿನವು ಹನ್ನೆರಡು ಮೂಲೆಯವು, ತುಕ್ಕು ತಿಂದು ಸಣ್ಣಗಾದ ನಟ್ಟಿನ ಮೇಲೆ ಜಾರುತ್ತವೆ. ಆರು ಮೂಲೆಯ ಬಾಕ್ಸ್ ಸಾಕೆಟ್ ನಟ್ಟಿನ ಆರೂ ಬದಿಯನ್ನು ಹಿಡಿಯುತ್ತದೆ. ಇನ್ನೂ ಮೂಲೆ ಉಳಿದಿರುವ ನಟ್ಟಿಗೆ ಇದನ್ನು ಬಿಟ್ಟು ಬೇರೆ ಏನೂ ಹಾಕಬೇಡಿ.

ಮೂಲೆ ಹೋಗಿಯಾಗಿದ್ದರೆ ಇಂಚಿನ ಅಳತೆಯ 3/8 ಸಾಕೆಟ್ ಹುಡುಕಿ. ಅದು ಸುಮಾರು 9.5 ಮಿ.ಮೀ., 10ಕ್ಕಿಂತ ಅರ್ಧ ಮಿಲಿಮೀಟರ್ ಸಣ್ಣದು. ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಸವೆದ ನಟ್ಟಿನಲ್ಲಿ ತನ್ನದೇ ಮೂಲೆ ಕೊರೆದುಕೊಂಡು ಕೂರುತ್ತದೆ. ಹೊಡೆತವೂ ತುಕ್ಕನ್ನು ಅಲುಗಿಸುತ್ತದೆ. ತಿರುಗಿಸುವಾಗ ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಹಿಂದೆ ಮುಂದೆ, ಹಿಂದೆ ಮುಂದೆ. ಕಾಲು ಸುತ್ತು ಬಂದರೆ ಅರ್ಧದಷ್ಟು ವಾಪಸ್ ಹೋಗಿ, ಎಣ್ಣೆ ಬಿಟ್ಟು, ಮತ್ತೆ ಬನ್ನಿ. ವೈಸ್ ಗ್ರಿಪ್ (ಕಚ್ಚಿ ಲಾಕ್ ಆಗುವ ಇಕ್ಕಳ) ಇದ್ದರೆ ಅದನ್ನೂ ಬಳಸಬಹುದು, ಆದರೆ ಎಂಜಿನ್ನಿನ ರೆಕ್ಕೆಗಳ ನಡುವೆ ಅದಕ್ಕೆ ಜಾಗ ಸಿಗುವುದು ಕಷ್ಟ.

ನನ್ನ ನಟ್ಟಿಗೆ 3/8 ಸಾಕೆಟ್ ಗಟ್ಟಿಯಾಗಿ ಕೂತಿತು. ಹಿಡಿತಕ್ಕೆ ಕೊರತೆ ಇರಲಿಲ್ಲ. ಆದರೂ ಗೆರೆ ಸರಿದು ವಾಪಸ್ ಬರುತ್ತಲೇ ಇತ್ತು. ಹಾಗಾಗಿ ನಟ್ಟಿನ ಆಸೆ ಬಿಟ್ಟೆ, ಸ್ಟಡ್ ಉಳಿಸಿಕೊಳ್ಳಲು ನಟ್ಟನ್ನು ಸೀಳುವುದು ಎಂದು ತೀರ್ಮಾನಿಸಿದೆ.

ನಟ್ಟು ಸೀಳುವುದು

10 ನಂಬರ್ ನಟ್ಟಿನ ಗೋಡೆ ದಪ್ಪ ಇರುವುದು ಸಪಾಟು ಬದಿಯಲ್ಲಿ 2 ಮಿ.ಮೀ. ಮಾತ್ರ. ಎತ್ತರ ಸುಮಾರು 5 ಮಿ.ಮೀ. ಇದನ್ನು ತಿಳಿದುಕೊಂಡರೆ ಧೈರ್ಯ ಬರುತ್ತದೆ.

ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡೆ. ನಟ್ಟಿನ ಕೆಳಗಿನ ಸಪಾಟು ಬದಿಯಲ್ಲಿ, ಸ್ಟಡ್ಡಿನ ಉದ್ದಕ್ಕೆ ಸಮನಾಗಿ ಗೀಚತೊಡಗಿದೆ. ಒಂದೂವರೆ ಮಿ.ಮೀ. ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಕೈ ಗ್ರೈಂಡರ್ ಇದ್ದರೆ ಒಂದು ನಿಮಿಷದ ಕೆಲಸ, ಆದರೆ ಸ್ಟಡ್ಡಿಗೋ ಹೆಡ್ಡಿನ ಮುಖಕ್ಕೋ ತಾಗುವ ಅಪಾಯ ಜಾಸ್ತಿ. ಥ್ರೆಡ್ಡಿಗೆ ಸ್ವಲ್ಪ ಮುಂಚೆ ನಿಲ್ಲಿಸಿ, ಆ ಸೀಳಿಗೆ ಚೂಪಾದ ಉಳಿ ಇಟ್ಟು ಹೊಡೆಯಬೇಕು. ಹೊಡೆಯುವಾಗ ನಟ್ಟಿನ ಆಚೆ ಬದಿಗೆ ಭಾರದ ಕಬ್ಬಿಣದ ತುಂಡು ಆನಿಸಿ ಹಿಡಿಯಲು ಇನ್ನೊಬ್ಬರು ಬೇಕು, ಇಲ್ಲದಿದ್ದರೆ ಹೊಡೆತಕ್ಕೆ ಸ್ಟಡ್ ಬಾಗುತ್ತದೆ. ಭಾವ ಹಿಡಿದರು. ಕಣ್ಣಿಗೆ ಕನ್ನಡಕ ಇಬ್ಬರಿಗೂ. ಮೂರನೇ ಏಟಿಗೆ ಕಟ್ ಎಂದು ಸಣ್ಣ ಸದ್ದು ಬಂತು. ಬಗ್ಗಿ ನೋಡಿದರೆ ನಟ್ಟಿನ ಬಾಯಿ ಕೂದಲಷ್ಟು ತೆರೆದಿತ್ತು, ಒಳಗಿಂದ ಕೆಂಪು ಪುಡಿ ಉದುರಿತು. ಆಮೇಲೆ ಅದು ಕೈಯಲ್ಲೇ ತಿರುಗಿ ಬಂತು.

ನಟ್ಟು ಹೋಯಿತು, ಬೆಂಡ್ ಪೈಪ್ ಈಚೆ ಬಂತು, ಸ್ಟಡ್ ಇಡಿಯಾಗಿ ನಿಂತಿತ್ತು. ಥ್ರೆಡ್ ಚೆನ್ನಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಡೈ (ಹೊರಗಿನ ಥ್ರೆಡ್ ಕೊರೆಯುವ ಉಪಕರಣ) ಹಾಕಿ ಶುಚಿ ಮಾಡಿ ಅದನ್ನೇ ಬಳಸಬಹುದು. ನಮ್ಮದರಲ್ಲಿ ತುಕ್ಕು ಮಧ್ಯದ ಭಾಗವನ್ನು ತಿಂದು ಸಣ್ಣ ಮಾಡಿತ್ತು, ಬದಲಿಸಲೇಬೇಕಿತ್ತು.

ಸ್ಟಡ್ ತೆಗೆಯಲು ಎರಡು ನಟ್ಟು

ಸ್ಟಡ್ಡಿಗೆ ಎರಡು ಹೊಸ ನಟ್ಟು ಹಾಕಿ. ಎರಡು ಸ್ಪ್ಯಾನರಿನಿಂದ ಒಂದಕ್ಕೊಂದು ಎದುರಾಗಿ ಬಿಗಿ ಮಾಡಿ, ಅವು ಸ್ಟಡ್ಡಿನ ಮೇಲೆ ಲಾಕ್ ಆಗುತ್ತವೆ. ಈಗ ಒಳಗಿನ ನಟ್ಟಿಗೆ, ಹೆಡ್ಡಿಗೆ ಹತ್ತಿರ ಇರುವುದಕ್ಕೆ, ಸ್ಪ್ಯಾನರ್ ಹಾಕಿ ಬಿಚ್ಚುವ ಕಡೆ ತಿರುಗಿಸಿ. ಹೊರಗಿನದಕ್ಕೆ ಹಾಕಿದರೆ ಲಾಕ್ ಬಿಟ್ಟು ಹೋಗುತ್ತದೆ. ಹೆಡ್ಡನ್ನು ಮತ್ತೆ ಕಾಯಿಸಿ, ಮೇಣ ಕೊಟ್ಟು, ಬಿಸಿ ಇರುವಾಗಲೇ ಮಾಡಿ. ಬಿಳಿ ಗೆರೆ ಇಲ್ಲೂ ಹಾಕಿಕೊಳ್ಳಿ. ನಾನು ಎರಡು ಸುತ್ತು ಕಾಯಿಸಿದೆ, ಗೆರೆ ವಾಪಸ್ ಬಂತು. ಮೂರನೆಯ ಸಲ ಗೆರೆ ಸರಿದಲ್ಲೇ ನಿಂತಿತು. ಆ ಕ್ಷಣದ ಸಮಾಧಾನ ಇಷ್ಟಿಷ್ಟಲ್ಲ. ಹೊರಗೆ ಬಂದ ಸ್ಟಡ್ಡಿನ ಥ್ರೆಡ್ ತುಂಬ ಸುಣ್ಣದಂಥ ಬಿಳಿ ಪುಡಿ ಮೆತ್ತಿತ್ತು.

ಮುರಿದೇ ಹೋಗಿದ್ದರೆ

ಎರಡು ಮೂರು ಮಿಲಿಮೀಟರ್ ಹೊರಗೆ ಉಳಿದಿದ್ದರೆ ವೆಲ್ಡಿಂಗ್ ಅತ್ಯುತ್ತಮ ದಾರಿ. ತುಂಡಿನ ಮೇಲೆ ಎಂ8 ನಟ್ಟು ಇಟ್ಟು, ಒಳಗಿನ ತೂತಿನಲ್ಲಿ ವೆಲ್ಡ್ ತುಂಬಿಸುತ್ತಾರೆ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಆ ಭಯ ಬೇಡ. ಹೊಸ ಹಿಡಿಯೂ ಸಿಗುತ್ತದೆ, ಸ್ಟಡ್ ನಡುವಿನಿಂದಲೇ ಕಾದು ತುಕ್ಕೂ ಒಡೆಯುತ್ತದೆ. ಕೆಂಪು ಇಳಿದ ಮೇಲೆ ಒಂದೆರಡು ನಿಮಿಷ ಬಿಟ್ಟು ನಿಧಾನ ತಿರುಗಿಸಬೇಕು. ನಾನು ನೋಡಿದ ಒಂದು ಬೈಕಿನಲ್ಲಿ ಮೊದಲನೆಯ ನಟ್ಟು ಕಿತ್ತು ಬಂತು, ಎರಡನೆಯದಕ್ಕೆ ಸ್ಟಡ್ ಬಂತು. ಒಂದು ಸಲಕ್ಕೆ ಆಗಲಿಲ್ಲ ಎಂದು ಬೇಸರ ಪಡಬೇಡಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಬಿಚ್ಚಿಡಿ, ಸಿಡಿಐ ಅಥವಾ ಇಸಿಯು (ಎಂಜಿನ್ನಿನ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇದ್ದರೆ ಅದರ ಕನೆಕ್ಟರ್ ಕಳಚಿ, ಅರ್ಥ್ ಕ್ಲಾಂಪನ್ನು ಎಂಜಿನ್ನಿಗೇ, ಆ ಜಾಗಕ್ಕೆ ಹತ್ತಿರವೇ ಕಚ್ಚಿಸಲು ಹೇಳಿ.

ಹೆಡ್ಡಿನ ಸಮಕ್ಕೆ ಮುರಿದಿದ್ದರೆ ಡ್ರಿಲ್ ಬಿಟ್ಟು ದಾರಿ ಕಡಿಮೆ. ಎಕ್ಸಾಸ್ಟ್ ಬಾಯಿಗೆ ಎಣ್ಣೆ ಹಚ್ಚಿದ ಬಟ್ಟೆ ತುರುಕಿ, ಲೋಹದ ಪುಡಿ ಒಳಗೆ ಹೋಗಬಾರದು. ಮುರಿದ ಮುಖವನ್ನು ಸಪಾಟು ಮಾಡಿ ನಟ್ಟನಡುವೆ ಸೆಂಟರ್ ಪಂಚ್ ಹೊಡೆಯಿರಿ. ಇಡೀ ಕೆಲಸ ನಿಂತಿರುವುದು ಈ ಚುಕ್ಕೆಯ ಮೇಲೆ. ಬೆಂಡ್ ಪೈಪಿನ ಫ್ಲೇಂಜ್ ತೂತಿಗೆ ಸರಿಯಾಗಿ ಕೂರುವ, ನಡುವೆ 3 ಮಿ.ಮೀ. ತೂತಿರುವ ಬುಶ್ಶನ್ನು ಲೇತ್ ಅಂಗಡಿಯಲ್ಲಿ ಮಾಡಿಸಿಕೊಂಡರೆ ಡ್ರಿಲ್ ಅಡ್ಡ ಹೋಗುವುದಿಲ್ಲ. ಈ ಬುಶ್ಶಿಗೆ ಕೊಟ್ಟ ದುಡ್ಡು ಎಂದೂ ದಂಡವಲ್ಲ.

ಉಳಿದ ಇನ್ನೊಂದು ಸ್ಟಡ್ಡನ್ನು ನೋಡಿ ಆಳ ಅಂದಾಜು ಮಾಡಿ, ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಗುರುತು ಇಟ್ಟುಕೊಳ್ಳಿ. 3 ಮಿ.ಮೀ.ನಿಂದ ಶುರು, ಆಮೇಲೆ 4, ಕೊನೆಗೆ 5. ನಿಧಾನದ ವೇಗ, ಆಗಾಗ ಎಣ್ಣೆ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಅದನ್ನೇ ತನ್ನಿ, ಕೊರೆಯುವಾಗಲೇ ಕೆಲವೊಮ್ಮೆ ಸ್ಟಡ್ ಕಚ್ಚಿಕೊಂಡು ಹೊರಗೆ ಬರುತ್ತದೆ. ಬರುವ ಪುಡಿಯ ಹತ್ತಿರ ಒಂದು ಅಯಸ್ಕಾಂತ ಹಿಡಿಯುತ್ತಿರಿ. ಪುಡಿ ಅಂಟಿದರೆ ಉಕ್ಕಿನಲ್ಲೇ ಇದ್ದೀರಿ. ಅಂಟದ, ಬೆಳ್ಳಿಯಂತೆ ಹೊಳೆಯುವ ಹಗುರ ಸುರುಳಿ ಬಂದರೆ ಡ್ರಿಲ್ ಅಲ್ಯೂಮಿನಿಯಂಗೆ ಜಾರಿದೆ, ತಕ್ಷಣ ನಿಲ್ಲಿಸಿ. ನಡುವೆ ಸರಿಯಾಗಿ ಹೋಗಿದ್ದರೆ 5 ಮಿ.ಮೀ. ಕೊರೆದ ಮೇಲೆ ಥ್ರೆಡ್ಡಿನ ಸುರುಳಿ ಮಾತ್ರ ಉಳಿಯುತ್ತದೆ. ಅದನ್ನು ಗಟ್ಟಿ ಸೂಜಿಯಿಂದ ಎಬ್ಬಿಸಿ ತೆಗೆದು, ಎಂ6 ಟ್ಯಾಪ್ (ಒಳಗಿನ ಥ್ರೆಡ್ ಕೊರೆಯುವ ಉಪಕರಣ) ಹಾಕಿ ಶುಚಿ ಮಾಡಿ.

ಮುರಿದ ಸ್ಟಡ್ಡಿನಲ್ಲಿ ತೂತು ಕೊರೆದು ಕೂರಿಸಿ ತಿರುಗಿಸುವ ಈಜಿ ಔಟ್ ಎಂಬ ಕಡ್ಡಿಯ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: 6 ಮಿ.ಮೀ. ಸ್ಟಡ್ಡಿಗೆ ಅದನ್ನು ಹಾಕಬೇಡಿ. ಇಡೀ ಸ್ಟಡ್ಡಿನ ಬಲಕ್ಕೇ ಬಾರದ್ದು, ಅದರೊಳಗೆ ಹೋಗುವ 3 ಮಿ.ಮೀ. ಕಡ್ಡಿಗೆ ಬರುತ್ತದೆಯೇ? ಅದು ಬಹಳ ಗಡಸು ಉಕ್ಕು, ಬಾಗದೆ ಗಾಜಿನ ಹಾಗೆ ಮುರಿಯುತ್ತದೆ. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದರ ಮೇಲೆ ಗೀರು ಕೂಡ ಹಾಕುವುದಿಲ್ಲ. ಆಮೇಲೆ ಹೆಡ್ ಬಿಚ್ಚಿ ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಸ್ಪಾರ್ಕ್ ಇರೋಷನ್ ಯಂತ್ರ ಇರುವ ಟೂಲ್ ರೂಮ್ ಹುಡುಕಬೇಕು. ಬೆಂಗಳೂರಿನ ಪೀಣ್ಯದಂಥ ಕಡೆ ಸಿಗುತ್ತದೆ, ಸಣ್ಣ ಊರಿನವರಿಗೆ ಅದೇ ಒಂದು ಪ್ರಯಾಣ.

ಡ್ರಿಲ್ ಅಡ್ಡ ಹೋಗಿ ಹೆಡ್ಡಿನ ಥ್ರೆಡ್ ಕೆಟ್ಟಿದ್ದರೂ ಹೆಡ್ ಬಿಸಾಡಬೇಕಿಲ್ಲ. ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಕೊಡುವ ತಂತಿ ಸುರುಳಿ, ಹಾಕಿಸಿ. 6.3 ಮಿ.ಮೀ.ಗೆ ಕೊರೆದು, ಅದರದೇ ವಿಶೇಷ ಟ್ಯಾಪ್ ಹಾಕಿ, ಸ್ಟೀಲ್ ಸುರುಳಿಯನ್ನು ಮೇಲ್ಮೈಗಿಂತ ಅರ್ಧ ಸುತ್ತು ಕೆಳಗೆ ಕೂರಿಸುತ್ತಾರೆ. ಆಮೇಲೆ ಅದೇ ಎಂ6 ಸ್ಟಡ್ ಹಿಡಿಯುತ್ತದೆ, ಮೊದಲಿಗಿಂತ ಗಟ್ಟಿಯಾಗಿಯೇ.

ಮತ್ತೆ ಜೋಡಿಸುವಾಗ

ಎಕ್ಸಾಸ್ಟ್ ಬಾಯಿಗೆ ಬಟ್ಟೆ ತುರುಕಿದ್ದರೆ ಮೊದಲು ಅದನ್ನು ತೆಗೆಯಿರಿ. ಹಳೆಯ ಪ್ಯಾಕಿಂಗ್ ರಿಂಗ್ ಒಳಗೇ ಅಂಟಿಕೊಂಡಿರುತ್ತದೆ, ಮಸಿಯ ಬಣ್ಣಕ್ಕೇ ತಿರುಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಬೆರಳಿನಿಂದ ತಡಕಿ ನೋಡಿ. ಅದರ ಮೇಲೆಯೇ ಹೊಸದು ಹಾಕಿದರೆ ಮತ್ತೆ ಸೋರುತ್ತದೆ.

ಸ್ಟಡ್ಡಿನ ಎರಡೂ ತುದಿಗೆ ತಾಮ್ರದ ಆಂಟಿ ಸೀಜ್ (ಥ್ರೆಡ್ ಅಂಟಿಕೊಳ್ಳದಂತೆ ತಡೆಯುವ ಲೇಪ) ತೆಳುವಾಗಿ ಹಚ್ಚಿ. ಸಾಮಾನ್ಯ ಗ್ರೀಸ್ ಆ ಬಿಸಿಗೆ ಸುಟ್ಟು ಹೋಗುತ್ತದೆ. ಸ್ಟೇನ್‌ಲೆಸ್ ಸ್ಟಡ್ಡಿಗೆ ಸ್ಟೇನ್‌ಲೆಸ್ ನಟ್ಟು ಹಾಕಿದರೆ ತುಕ್ಕು ಬರುವುದಿಲ್ಲ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ತುಕ್ಕೇನೋ ಸುಲಭಕ್ಕೆ ಬರುವುದಿಲ್ಲ, ಆದರೆ ಏನೂ ಹಚ್ಚದ ಒಣ ಸ್ಟೇನ್‌ಲೆಸ್ ಒಂದಕ್ಕೊಂದು ಉಜ್ಜಿ ಕಚ್ಚಿಕೊಳ್ಳುತ್ತದೆ, ಅದನ್ನು ಬಿಡಿಸುವುದು ಇನ್ನೂ ಕಷ್ಟ. ಉಕ್ಕಿನ ಸ್ಟಡ್, ಹಿತ್ತಾಳೆಯ ನಟ್ಟು, ಇದು ನನ್ನ ಆಯ್ಕೆ. ಹಿತ್ತಾಳೆ ನಟ್ಟು ಉಕ್ಕಿಗೆ ತುಕ್ಕಿನಿಂದ ಅಂಟಿಕೊಳ್ಳುವುದಿಲ್ಲ, ಕೈ ಮೀರಿದರೆ ಸ್ಟಡ್ಡಿಗಿಂತ ಮೊದಲು ಅದೇ ಸೋಲುತ್ತದೆ.

ಎರಡು ನಟ್ಟನ್ನೂ ಕೈಯಲ್ಲೇ ಕೂರಿಸಿ, ಆಮೇಲೆ ಅಲ್ಲಿ ಅರ್ಧ ಸುತ್ತು, ಇಲ್ಲಿ ಅರ್ಧ ಸುತ್ತು ಎಂದು ಸಮವಾಗಿ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿ ಮಾಡಿದರೆ ಫ್ಲೇಂಜ್ ಓರೆಯಾಗುತ್ತದೆ. ಸೈಲೆನ್ಸರಿನ ಹಿಂದಿನ ಬೋಲ್ಟನ್ನು ಮುಂದಿನ ನಟ್ಟುಗಳು ಕೂತ ಮೇಲೆಯೇ ಬಿಗಿ ಮಾಡಿ, ಇಲ್ಲದಿದ್ದರೆ ಸೈಲೆನ್ಸರ್ ಭಾರವೆಲ್ಲ ಸ್ಟಡ್ಡಿನ ಮೇಲೆ ಎಳೆಯುತ್ತದೆ. ಆಂಟಿ ಸೀಜ್ ಹಚ್ಚಿದ ಥ್ರೆಡ್ ಬೇಗ ಜಾರುತ್ತದೆ, ಹಾಗಾಗಿ 10 ನ್ಯೂಟನ್ ಮೀಟರ್‌ಗಿಂತ ಸ್ವಲ್ಪ ಕಡಿಮೆಗೇ ನಿಲ್ಲಿಸಿ. ನಿಮ್ಮ ಬೈಕಿನ ಸರ್ವಿಸ್ ಪುಸ್ತಕದಲ್ಲಿ ಅಂಕಿ ಇದ್ದರೆ ಅದನ್ನೇ ನಂಬಿ.

ಐವತ್ತು ನೂರು ಕಿಲೋಮೀಟರ್ ಓಡಿಸಿದ ಮೇಲೆ ಹೊಸ ಪ್ಯಾಕಿಂಗ್ ಅದುಮಿಕೊಂಡಿರುತ್ತದೆ. ಎಂಜಿನ್ ತಣ್ಣಗಿರುವಾಗ ಸ್ಪ್ಯಾನರ್ ಹಾಕಿ ಒಮ್ಮೆ ನೋಡಿ. ನಮ್ಮದರಲ್ಲಿ ಎರಡೂ ನಟ್ಟು ಕಾಲು ಸುತ್ತು ಒಳಗೆ ಹೋದವು. ಈಗ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಟ್ಯಾಪೆಟ್ಟಿನ ಸಣ್ಣ ಸದ್ದು ಮಾತ್ರ ಕೇಳಿಸುತ್ತದೆ.